ಕೈಯಿಂದ ಕೈಗೆ ಹೋದ ಕಾಗದ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮ ಪ್ರೇಮನಾಥನಿಗೆ ೧೯೬೨ರಲ್ಲಿ ಬಸ್ ಕಂಪೆನಿಯ ಮೆನೇಜರ್ ಕುರ್ಚಿ ಸಿಕ್ಕಿತು. ಅಂದಿನಿಂದ ಆತ ಹಂಪನಕಟ್ಟೆಯ ಸೆಕೆಯಲ್ಲೂ ಕೋಟು ಬಿಚ್ಚಲಿಲ್ಲ. ಮೀನು ಮಾರುವ ಸುಂದರಿಯ ಮಗ ತಾನೆಂಬುದನ್ನು ಆ ಕೋಟಿನೊಳಗೇ ಬಚ್ಚಿಟ್ಟುಕೊಂಡಿದ್ದ. "ಬುಟ್ಟಿ ಹೊರುವುದು ಬಿಡಮ್ಮ" ಎಂದರೆ ತಾಯಿ ನಕ್ಕಿದ್ದಳು.

ತಿಂಗಳು ತುಂಬುವ ಮೊದಲೇ ಧಣಿಗಳ ಅಪ್ಪಣೆ ಬಂತು: ಬಿಕರ್ನಕಟ್ಟೆ ಬಸ್ಸಿನ ಕಂಡಕ್ಟರ್ ಇದಿನಬ್ಬ ಮೀನಿನ ಬುಟ್ಟಿ ಹತ್ತಿಸುತ್ತಾನೆ, ದೊಡ್ಡವರ ಬಟ್ಟೆಗೆ ವಾಸನೆ ಹಿಡಿಯುತ್ತದೆ, ಅವನನ್ನು ತೆಗೆದುಹಾಕು. ಆ ಬುಟ್ಟಿಗಳಲ್ಲಿ ಸುಂದರಿಯದೂ ಒಂದು. ಅದರಿಂದಲೇ ಪ್ರೇಮನಾಥನ ಹೈಸ್ಕೂಲು ನಡೆದದ್ದು. ಧಣಿಗಳಿಗೆ ಒಂದು ಮಾತು ಹೇಳಬಹುದಿತ್ತು. ಹೇಳುವ ಎದೆ ಎಲ್ಲಿಂದ ಬರಬೇಕು? "ಯೆಸ್ ಸಾರ್" ಎಂದು ತಲೆಯಾಡಿಸಿ ಬಂದ.

ಇದಿನಬ್ಬನ ಮುಖ ನೋಡಿ ಹೇಳುವ ಧೈರ್ಯವೂ ಇರಲಿಲ್ಲ. ಮೂರು ದಿನ ಆಫೀಸಿಗೆ ಕರೆಸಿದ; ಮೂರು ದಿನವೂ "ಟಯರ್ ಸರಿ ಉಂಟಾ?" ಎಂದು ಕೇಳಿ ಕಳಿಸಿದ. ನಾಲ್ಕನೆಯ ದಿನ ಇಂಗ್ಲಿಷಿನಲ್ಲಿ ಕಾಗದ ಬರೆದು, ತಾನೇ ಕೊಡುತ್ತೇನೆಂದು ಬಸ್ಸು ಹತ್ತಿ ಎದುರಿನ ಸೀಟಿನಲ್ಲಿ ಕುಳಿತ. ಇದಿನಬ್ಬ ಹಿಂದಿನ ಬಾಗಿಲಲ್ಲಿದ್ದ. ನಡುವೆ ಕಾಲಿಡಲು ಜಾಗವಿಲ್ಲದಷ್ಟು ಜನ. ಒಳ್ಳೆಯದೇ ಆಯಿತೆನ್ನಿಸಿತು ಮಹಾರಾಯನಿಗೆ. ರಶ್ಶಿನಲ್ಲಿ ಜನ ಟಿಕೇಟಿನ ಚಿಲ್ಲರೆ ದಾಟಿಸುವ ಹಾಗೆ, "ಕಂಡಕ್ಟರಿಗೆ" ಎಂದು ಕಾಗದವನ್ನು ಹಿಂದಿನವನ ಕೈಗಿಟ್ಟು ಕಿಟಕಿಯ ಹೊರಗೆ ನೋಡತೊಡಗಿದ. ಥೂ!

ಕಾಗದ ಕೈಯಿಂದ ಕೈಗೆ ಹೋಯಿತು. ಅದನ್ನು ಇದಿನಬ್ಬನಿಗೆ ಮುಟ್ಟಿಸಿದ ಕೊನೆಯ ಕೈ ಸುಂದರಿಯದು. ಬಂದರಿನಲ್ಲೇ ಹತ್ತಿ ಹಿಂದೆ ಬುಟ್ಟಿಯ ಪಕ್ಕ ನಿಂತಿದ್ದ ತಾಯಿಯನ್ನು ಮಗ ನೋಡಿರಲೇ ಇಲ್ಲ.

"ಜೂಲಿ ಟೀಚರೇ, ಇದ್ರಲ್ಲಿ ಎಂತ ಉಂಟು, ಸ್ವಲ್ಪ ಓದಿ ಹೇಳಿ," ಎಂದ ಇದಿನಬ್ಬ.

ದಿನಾ ಅದೇ ಬಸ್ಸಿನಲ್ಲಿ ಹೋಗುವ ಟೀಚರು ಓದಿದರು. "ಮೀನಿನ ಬುಟ್ಟಿ ಹತ್ತಿಸಿದ್ದಕ್ಕೆ ನಾಳೆಯಿಂದ ನಿಮಗೆ ಕೆಲಸ ಇಲ್ಲ ಅಂತ ಉಂಟು. ಸೈನು ಪ್ರೇಮನಾಥರದ್ದು."

ಬಸ್ಸಿಡೀ ಎದುರಿನ ಸೀಟಿನತ್ತ ತಿರುಗಿತು. ಸುಂದರಿಯೂ ನೋಡಿದಳು.

"ಈ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ ಆಯ್ತು ಮಾರಾಯ್ರೆ," ಎಂದ ಇದಿನಬ್ಬ, ಕಾಗದ ಮಡಚಿ ಕಿಸೆಗೆ ಹಾಕುತ್ತ. "ಬಾಯಲ್ಲಿ ಹೇಳಿದ್ರೆ ಸಾಕಿತ್ತು." ಮತ್ತೆ ಟಿಕೇಟು ಹರಿಯತೊಡಗಿದ.

ಬಿಕರ್ನಕಟ್ಟೆಯಲ್ಲಿ ಇದಿನಬ್ಬ ಎಂದಿನಂತೆ ಬುಟ್ಟಿ ಇಳಿಸಿ, ಸುಂದರಿಯ ತಲೆಗೆ ಏರಿಸಲು ಒಂದು ಬದಿ ಹಿಡಿದ. ಇನ್ನೊಂದು ಬದಿಗೆ ಒಂದು ಕೈ ಬೇಕಿತ್ತು. ಜನರೆಲ್ಲ ನೋಡುತ್ತಿದ್ದರಲ್ಲ, ಪ್ರೇಮನಾಥ ಇಳಿದು ಬಂದು ಕೈ ಚಾಚಿದ.

"ನೀನು ಮುಟ್ಟಬೇಡ," ಎಂದಳು ಸುಂದರಿ. "ಕೋಟಿಗೆ ವಾಸನೆ ಹಿಡೀತದೆ."

ಜೂಲಿ ಟೀಚರು ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ಇನ್ನೊಂದು ಬದಿ ಹಿಡಿದರು. ಬುಟ್ಟಿ ತಲೆಗೇರಿತು. ಸುಂದರಿ ತಿರುಗಿ ನೋಡದೆ ಹೋದಳು.

ಪ್ರೇಮನಾಥ ಮೊದಲ ಸಲ ಒಬ್ಬನನ್ನು ಕೆಲಸದಿಂದ ತೆಗೆದದ್ದು ಹೀಗೆ. ಪುಣ್ಯಾತ್ಮನಿಗೆ ಬಾಯಿ ಬಿಡಬೇಕಾಗಿಯೇ ಬರಲಿಲ್ಲ.