ಈಜುಕೊಳದ ದಂಡೆಯಲ್ಲಿ ನನ್ನ ಉಡಿದಾರ

ನಾನು ಚಿಕ್ಕವನಿದ್ದಾಗ, ಅಂದರೆ ಈ ಡೊಳ್ಳುಹೊಟ್ಟೆ ಇನ್ನೂ ಬಂದಿರದ ಕಾಲದಲ್ಲಿ, ನನ್ನ ಸೊಂಟಕ್ಕೊಂದು ಕಪ್ಪು ಉಡಿದಾರವಿತ್ತು. ನಗಬೇಡಿ, ಮೊಮ್ಮಕ್ಕಳೇ! ಆ ದಾರಕ್ಕಾಗಿ ನಾನೊಮ್ಮೆ ಇಡೀ ಶಾಲೆಗೇ ಕೇಳುವಂತೆ ಕಿರುಚಿದ್ದೇನೆ.

ಆಗ ನಾವು ಜಪಾನಿನ ಹಮಾಮತ್ಸುವಿನಲ್ಲಿದ್ದೆವು. ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ತಾರೀಖು ತಪ್ಪುತ್ತವೆ ಎಂದು ಲೋಕವೇ ಹೆದರಿತ್ತು. ಅದನ್ನು ಸರಿಮಾಡಲು ಅಪ್ಪನನ್ನು ಬೆಂಗಳೂರಿನಿಂದ ಅಲ್ಲಿನ ಬೈಕ್ ಕಾರ್ಖಾನೆಗೆ ಕಳಿಸಿದ್ದರು. ನನ್ನನ್ನೂ ಅಕ್ಕನನ್ನೂ ಮನೆ ಹತ್ತಿರದ ಜಪಾನಿ ಶಾಲೆಗೆ ಸೇರಿಸಿದರು. ನಾನು ಒಂದನೇ ಕ್ಲಾಸು, ಅಕ್ಕ ಆರನೆಯದು. ಅವಳು ಬಹುಬೇಗ ಜಪಾನಿ ಭಾಷೆಯನ್ನು ಅರೆದು ಕುಡಿದುಬಿಟ್ಟಳು. ಶಾಲೆಯ ಗೇಟು ದಾಟಿದರೆ ನನ್ನ ಪರಿಚಯವೇ ಇಲ್ಲದವಳಂತೆ ಇರುತ್ತಿದ್ದಳು. "ಇಲ್ಲಿ ಕನ್ನಡ ಮಾತಾಡ್ಬೇಡ, ಎಲ್ರೂ ನೋಡ್ತಾರೆ," ಎಂದು ಗದರುತ್ತಿದ್ದಳು. ನನಗೆ ಅಳು ಬರುತ್ತಿತ್ತು.

ಬೇಸಿಗೆಯಲ್ಲಿ ಈಜು ಶುರುವಾಯಿತು. ಮರಗಳ ತುಂಬ ಜೀರುಂಡೆಗಳ ಅಬ್ಬರ, ಔಷಧಿ ಹಾಕಿದ ನೀರಿನ ಘಾಟು, ಅಂಗಾಲು ಸುಡುವ ಸಿಮೆಂಟು. ನಾನು ಚಡ್ಡಿಯಲ್ಲಿ ನಿಂತಾಗ ಹುಡುಗರ ಕಣ್ಣೆಲ್ಲ ನನ್ನ ಸೊಂಟದ ಮೇಲೆ. ಒಬ್ಬ ದಾರವನ್ನು ಎಳೆದೂ ನೋಡಿದ. ಟೀಚರ್ ಬಂದು ಬಿಚ್ಚು ಎಂದು ಸನ್ನೆ ಮಾಡಿದರು. ನೀರಿನಲ್ಲಿ ಎಲ್ಲಾದರೂ ಸಿಕ್ಕಿಕೊಂಡೀತು ಎಂಬ ಭಯ ಅವರಿಗೆ. ಅಜ್ಜಿ ಹಾಕಿದ ಗಂಟು, ಬಿಚ್ಚುತ್ತದೆಯೇ? ಅವರು ಕತ್ತರಿ ತಂದರು.

ಊರಿನಲ್ಲಿ ತಾತ ತೀರಿಕೊಂಡಾಗ ಅವರ ಉಡಿದಾರ ಕತ್ತರಿಸಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಅದನ್ನು ಕತ್ತರಿಸಿದರೆ ಮನುಷ್ಯ ಸಾಯುತ್ತಾನೆ ಎಂದೇ ನಂಬಿದ್ದೆ. ಹೇಳೋಣವೆಂದರೆ ಜಪಾನಿ ಬಾರದು. ತಂತಿಬೇಲಿಯನ್ನು ಗಟ್ಟಿಯಾಗಿ ಹಿಡಿದು ಕಿರುಚಿದೆ. ಯಾರು ರಮಿಸಿದರೂ ಬೇಲಿ ಬಿಡಲಿಲ್ಲ. ಕೊನೆಗೆ ಅಕ್ಕನನ್ನು ಕರೆಸಿದರು.

ಅಕ್ಕ ಬಂದಳು, ಹಿಂದೆಯೇ ಅವಳ ಗೆಳತಿಯರು. "ಅಕ್ಕಾ, ಕಟ್ ಮಾಡಿದ್ರೆ ಸತ್ತೋಗ್ತೀನಿ! ತಾತನ ಥರ!" ಎಂದು ಕೂಗಿದೆ.

ಗೆಳತಿಯರು ಕಿಸಕ್ಕನೆ ನಕ್ಕರು. ಅಕ್ಕನ ಮುಖ ಕೆಂಪಾಯಿತು. ತಿರುಗಿ ಹೊರಟೇಬಿಡುತ್ತಾಳೆ ಎಂದುಕೊಂಡೆ. ಅವಳು ಕತ್ತರಿಗೂ ನನಗೂ ನಡುವೆ ಬಂದು ಅಡ್ಡ ನಿಂತಳು.

"ಸಾಯಲ್ಲ ಕಣೋ ಪೆದ್ದು! ನಾನಿದೀನಲ್ಲ," ಎಂದಳು, ಎಲ್ಲರಿಗೂ ಕೇಳುವಂತೆ, ಕನ್ನಡದಲ್ಲೇ. ಟೀಚರ ಬೀಗದ ಕೈಗೊಂಚಲಿನಲ್ಲಿ ದೇವಸ್ಥಾನದಿಂದ ತಂದ ತಾಯತದ ಪುಟ್ಟ ಚೀಲ ತೂಗುತ್ತಿತ್ತು. ಅದನ್ನು ತೋರಿಸಿ ಅಕ್ಕ ಜಪಾನಿಯಲ್ಲಿ ಕೇಳಿದಳು: "ಸೆನ್ಸೇ, ಇದನ್ನ ನೀವು ಕತ್ತರಿಸ್ತೀರಾ? ಅವನದೂ ಅಂಥದ್ದೇ. ನಮ್ಮಜ್ಜಿ ಕಟ್ಟಿದ್ದು."

ಟೀಚರ್ ಕತ್ತರಿಯನ್ನು ಜೇಬಿಗಿಳಿಸಿ, ನನ್ನೆದುರು ಕುಕ್ಕರಗಾಲಲ್ಲಿ ಕೂತು ಕ್ಷಮೆ ಕೇಳಿದರು. ಆಮೇಲೆ ಗಾಯಕ್ಕೆ ಹಾಕುವ ಪಟ್ಟಿ ತಂದು ದಾರವನ್ನು ಸೊಂಟಕ್ಕೆ ಅಂಟಿಸಿದರು. ನಾನು ಮೂಗು ಒರೆಸಿಕೊಂಡು ನೀರಿಗಿಳಿದೆ.

ಮನೆಗೆ ಹೋಗುವಾಗ ಅಕ್ಕ, ಗೆಳತಿಯರ ಎದುರಿಗೇ, ದಾರಿಯುದ್ದಕ್ಕೂ ನನಗೆ ಕನ್ನಡದಲ್ಲಿ ಬೈದಳು. ಅಷ್ಟು ಖುಷಿಯಿಂದ ನಾನು ಇನ್ನೆಂದೂ ಬೈಸಿಕೊಂಡಿಲ್ಲ.

ಈಗ ನಿಮ್ಮ ಕ್ಲಾಸಿನಲ್ಲಿ ಎಷ್ಟೋ ದೇಶದ ಮಕ್ಕಳಿದ್ದಾರೆ. ನಿಮ್ಮ ಮನೆಯದ್ದೇನಾದರೂ ತಂದು ತೋರಿಸಿ ಎಂದು ಟೀಚರೇ ಕೇಳುತ್ತಾರೆ. ನೀವೂ ಕುಣಿಯುತ್ತಾ ಒಯ್ಯುತ್ತೀರಿ, ಯಾರಿಗೂ ಹೆದರಬೇಕಿಲ್ಲ. ಜಪಾನಿನಲ್ಲೇ ನೆಲೆಸಿರುವ ದೊಡ್ಡಜ್ಜಿಯ ಫೋನು ಬಂದಾಗ ಮಾತ್ರ ಕಿವಿ ಮುಚ್ಚಿಕೊಂಡು ನಗುತ್ತೀರಿ, ಬೀದಿಯಲ್ಲಿ ನಿಂತು ಯಾಕಷ್ಟು ಜೋರಾಗಿ ಕನ್ನಡ ಮಾತಾಡುತ್ತಾಳೆ ಎಂದು. ಮಕ್ಕಳೇ, ಆ ದೊಡ್ಡಜ್ಜಿಯೇ ಈ ಅಕ್ಕ. ಅವಳ ದನಿ ಅಷ್ಟು ಜೋರಾದದ್ದು ಅವತ್ತೇ.