ಸಿಐಡಿ ಅಣ್ಣನ ಕೆಂಪು ಸ್ಟಿಕ್ಕರ್

ನನ್ನ ಅಣ್ಣನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಸಿಐಡಿ. ಅಂಗಡಿಗೆ ಯಾರೇ ಕಾಲಿಡಲಿ, ಅವನ ಮೊದಲ ಪ್ರಶ್ನೆ, "ನಿಮ್ಮನ್ನ ಯಾರು ಕಳಿಸಿದ್ದು?" ಪಾಪ, ಅವರು ಕಾರಿನ ಸೀಟು ಹರಿದಿದೆ ಅಂತ ಬಂದವರು. ಇನ್ಯಾರು ಕಳಿಸುತ್ತಾರೆ, ಹರಿದ ಸೀಟೇ ಕಳಿಸಿದ್ದು! ಅಣ್ಣ ಬಿಡಬೇಕಲ್ಲ. ಗುರುತಿನವರು ಕಳಿಸಿದ್ದರೆ ರಿಯಾಯಿತಿ ಕೇಳಲು ಬಂದವರು, ಯಾರೂ ಕಳಿಸದಿದ್ದರೆ ನಮ್ಮ ಕೆಲಸ ಕದ್ದು ನೋಡಿಕೊಂಡು ಹೋಗಲು ಬಂದವರು ಎಂಬುದು ಅವನ ಖಚಿತ ಅಭಿಪ್ರಾಯ. ಸಂಜೆ ಅಂಗಡಿಗೆ ಬೀಗ ಹಾಕಿ ಎಳೆದು ನೋಡುತ್ತಾನೆ. ತಿರುವಿನವರೆಗೆ ನಡೆದು, ಮತ್ತೆ ವಾಪಸು ಹೋಗಿ ಎಳೆಯುತ್ತಾನೆ. ನಾನು ತಿರುವಿನಲ್ಲಿ ನಿಂತು ಹಲ್ಲು ಕಡಿಯುತ್ತೇನೆ.

ನಮ್ಮದು ಗಾಡಿಗಳ ಸೀಟಿಗೆ ಕವರ್ ಹೊಲಿಯುವ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೇ ನಡೆಸುತ್ತಿದ್ದೇವೆ. ನಾನು ಒಳಗೆ ಮಷೀನಿನ ಮುಂದೆ. ಅವನು ಹೊರಗೆ, ರಸ್ತೆ ಬದಿಗೆ ನಿಂತ ಕಾರಿನೊಳಗೆ ಅರ್ಧ ಮೈ ತೂರಿಸಿಕೊಂಡು, ರೆಕ್ಸಿನ್ ಎಳೆದು ಬಿಗಿಯುತ್ತಿರುತ್ತಾನೆ. ಎಲ್ಲೋ ಒಂದು ಸುಕ್ಕು ಕಂಡಿತೋ, ಕಿತ್ತು ನನ್ನ ಕಡೆ ಎಸೆಯುತ್ತಾನೆ. ನಾನು ಗೊಣಗುತ್ತಾ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುತ್ತೇನೆ. ಅಂದರೆ ಗಾಡಿ ಅರ್ಧ ದಿನವಾದರೂ ನಮ್ಮ ಬಾಗಿಲ ಮುಂದೆ ನಿಲ್ಲಲೇಬೇಕು. ನಿಲ್ಲದಿದ್ದರೆ ನಮಗೆ ಕೆಲಸವಿಲ್ಲ.

ಅಂಥದ್ದರಲ್ಲಿ ಪುರಸಭೆಯವರು ಮೈಕು ಕಟ್ಟಿಕೊಂಡು ಬಂದರು. ಹಳೇ ಪೇಟೆಗೆ ಹೊಸ ಕಳೆ ತರುತ್ತಾರಂತೆ. ಅಗಲವಾದ ಫುಟ್‌ಪಾತು, ಗಿಡ, ಕೂರಲು ಬೆಂಚು. ಗಾಡಿ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಜನರೇ ಬಂದು ಹೇಳಬೇಕಂತೆ.

"ಜನರೇ ಹೇಳ್ಬೇಕಂತೆ!" ಅಣ್ಣ ಕಾರಿನೊಳಗಿಂದ ತಲೆ ಹೊರಗೆ ಹಾಕಿದ. "ಯಾವತ್ತೂ ಕೇಳದೇ ಇದ್ದೋರು ಇವತ್ಯಾಕೆ ಕೇಳ್ತಿದಾರೆ?"

ಅವನ ಅನುಮಾನ ಪೂರ್ತಿ ಹುಚ್ಚೆಂದು ನಾನು ಹೇಳಲಾರೆ. ಹಿಂದೊಮ್ಮೆ ತಿರುವಿನಲ್ಲಿ ದೀಪ ಬೇಕೆಂದು ಕೇಳಿದ್ದೆವು, ಇದ್ದ ದೀಪವನ್ನೂ ಬಿಚ್ಚಿಕೊಂಡು ಹೋದರು. ನೆರಳಿಗಿದ್ದ ಒಂದೇ ಮರವನ್ನು ಕಡಿಯಬೇಡಿ ಎಂದೆವು, ಮರುದಿನವೇ ಗರಗಸ ತಂದರು.

ಮಧ್ಯಾಹ್ನ ನಮ್ಮ ಅಂಗಡಿಯಲ್ಲೇ ಬೀದಿಯವರ ಸಭೆ. ಎದುರುಗಡೆ ಬೀಗದ ಕೈ ಮಾಡುವ ಮುದುಕರೊಬ್ಬರು, ಇಡೀ ಬೀದಿಗೆ ಅವರು ಚಿಕ್ಕಪ್ಪ, ಆಗಲೇ ಪುರಸಭೆಯ ಹಾಲ್‌ಗೆ ಹೋಗಿ ನೋಡಿಕೊಂಡು ಬಂದಿದ್ದರು. "ಮೇಜಿನ ಮೇಲೆ ದೊಡ್ಡ ನಕ್ಷೆ ಹಾಸಿದಾರಪ್ಪ. ಗಾಡಿ ನಿಲ್ಲೋದು ಬೇಕು ಅನ್ನೋ ಕಡೆ ಹಸಿರು ಸ್ಟಿಕ್ಕರ್, ಬೇಡ ಅನ್ನೋ ಕಡೆ ಕೆಂಪು. ಒಬ್ಬೊಬ್ಬರಿಗೆ ಒಂದೊಂದು. ಚಹಾ ಬಿಸ್ಕತ್ತೂ ಉಂಟು."

"ಬಿಸ್ಕತ್ತು ಬೇರೆ!" ಎಂದ ಅಣ್ಣ. ಅವನ ಮುಖ ಬಿಗಿದುಕೊಂಡಿತು. "ಎಲ್ಲಾ ಮೊದಲೇ ಗೊತ್ತು ಮಾಡ್ಕೊಂಡಿದಾರೆ. ನಾವು ಏನು ಕೇಳ್ತೀವೋ ಅದಕ್ಕೆ ಉಲ್ಟಾ ಮಾಡೋಕೇ ಈ ನಾಟಕ. ಅದಕ್ಕೆ ನಾವೇ ಉಲ್ಟಾ ಕೇಳೋಣ. ನಮ್ಮ ಬೀದಿ ಪೂರ್ತಿ ಕೆಂಪು ಅಂಟಿಸಿಬಿಡೋಣ. ಆಗ ಏನ್ಮಾಡ್ತಾರೆ? ಗಾಡಿ ನಿಲ್ಲಿಸಿ ಅಂತ ಬೋರ್ಡ್ ಹಾಕ್ತಾರೆ, ನಮ್ಮ ಹೊಟ್ಟೆ ಉರಿಸೋಕೆ!"

ಚಿಕ್ಕಪ್ಪ ತೊಡೆ ತಟ್ಟಿ ನಕ್ಕರು. ಕನ್ನಡಕದಂಗಡಿಯ ಅಕ್ಕ, "ಅದೇ ಸರಿ ಕಣಪ್ಪಾ, ಇವರಿಗೆ ಇದೇ ಮದ್ದು" ಎಂದರು. ನಾನು ಮಾತ್ರ ಒಪ್ಪಲಿಲ್ಲ.

"ಅಣ್ಣಾ, ಒಂದ್ಸಲ ನೇರವಾಗಿ ಕೇಳಿ ನೋಡೋಣ. ಕೊಟ್ಟರೂ ಕೊಡಬಹುದು."

"ನಿನಗೆ ಲೋಕ ಗೊತ್ತಿಲ್ಲ, ಸುಮ್ನಿರು."

ಹಾಲ್‌ನಲ್ಲಿ ನಕ್ಷೆಯ ಪಕ್ಕ ನಿಂತಿದ್ದ ಹುಡುಗಿ ಪುರಸಭೆಗೆ ಹೊಸಬಳು. "ಬನ್ನಿ ಅಣ್ಣ, ಕೂತ್ಕೊಳ್ಳಿ" ಎಂದಳು. ಅವಳಿಗೇನು ಗೊತ್ತು, ಆ ಮರ್ಯಾದೆಯಿಂದಲೇ ಕೆಲಸ ಕೆಟ್ಟಿತು. ಅಣ್ಣ ನನ್ನ ಕಿವಿಯಲ್ಲಿ, "ನೋಡಿದ್ಯಾ, ಕೂರಿಸ್ತಿದಾಳೆ" ಎಂದ. ಕೊಟ್ಟ ಚಹಾವನ್ನು ಮೂಸಿ ನೋಡಿ ಹಾಗೇ ಇಟ್ಟ. ಬೀದಿಯವರು ಒಬ್ಬೊಬ್ಬರಾಗಿ ಬಂದು ಕೆಂಪು ಅಂಟಿಸಿದರು. ನಾನು ಅವನ ಕಣ್ಣು ತಪ್ಪಿಸಿ ನಮ್ಮ ಅಂಗಡಿಯ ಮುಂದೆ ಹಸಿರು ಅಂಟಿಸಿದೆ. ಬಿಸ್ಕತ್ತು ತೆಗೆದುಕೊಂಡು ತಿರುಗುವಷ್ಟರಲ್ಲಿ ಅಣ್ಣ ತನ್ನ ಕೆಂಪನ್ನು ಸರಿಯಾಗಿ ನನ್ನ ಹಸಿರಿನ ಮೇಲೇ ಒತ್ತುತ್ತಿದ್ದ. ಸುಕ್ಕಿಲ್ಲದಂತೆ, ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬರುವಾಗ ಅವನನ್ನು ಬಿಟ್ಟು ಮುಂದೆ ನಡೆದುಬಿಟ್ಟೆ.

ಕೆಲವು ವಾರ ಕಳೆದು ಅದೇ ಹುಡುಗಿ ನಗುನಗುತ್ತಾ ಬೀದಿಗೆ ಬಂದಳು. "ಅಣ್ಣ, ಇಡೀ ಊರಲ್ಲಿ ಒಗ್ಗಟ್ಟು ಅಂದ್ರೆ ನಿಮ್ಮ ಬೀದೀದೇ! ಬೇರೆ ಕಡೆ ಎಲ್ಲಾ ಕಿತ್ತಾಟ. ನಮ್ಮ ಸಾಹೇಬ್ರು ಹೇಳಿದ್ರು, ಈ ಬೀದಿಯವರು ಹೇಳಿದ್ದನ್ನ ಒಂದಿಷ್ಟೂ ಬದಲಾಯಿಸದೆ ಹಾಗೇ ಮಾಡಿ ಅಂತ. ಇನ್ಮೇಲೆ ಇಲ್ಲಿ ಒಂದು ಗಾಡಿಯೂ ನಿಲ್ಲಲ್ಲ. ಖುಷಿನಾ?"

ಅಣ್ಣ ಕತ್ತರಿ ಕೆಳಗಿಟ್ಟ. ಅವಳು ಹೋದ ಮೇಲೂ ಅವನು ಕೇಳಿದ್ದು, "ಇದರಲ್ಲಿ ಏನೋ ಮಸಲತ್ತಿದೆ. ಹೇಳಿದ್ದನ್ನೇ ಯಾಕೆ ಮಾಡ್ತಾರೆ?"

"ಅಯ್ಯೋ ನಿನ್ನ! ಎದ್ದು ಹೋಗಿ ನಿಜ ಹೇಳು" ಎಂದು ಕಿರುಚಿದೆ. ಜೀವಮಾನದಲ್ಲೇ ಅಣ್ಣನ ಮೇಲೆ ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. ಅವನು ಒಗೆದ ಅಂಗಿ ಹಾಕಿಕೊಂಡ. ನಾನೂ ಜೊತೆಗೆ ಪುರಸಭೆಗೆ ಹೋದೆ.

ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಅಣ್ಣ ಬೆವರುತ್ತಾ, ತಡವರಿಸುತ್ತಾ ಎಲ್ಲವನ್ನೂ ಹೇಳಿದ. ದೀಪ, ಮರ, ಉಲ್ಟಾ ಕೇಳಿದ್ದು, ಅರ್ಧ ದಿನ ಗಾಡಿ ನಿಲ್ಲಲೇಬೇಕಾದ ನಮ್ಮ ಕಸುಬು. ಒಂದೂ ಮುಚ್ಚಿಡಲಿಲ್ಲ. ಅವನು ಹಾಗೆ ಬಿಚ್ಚಿ ಮಾತಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಸಾಹೇಬರು ಕುರ್ಚಿಗೆ ಒರಗಿದರು. "ಬೇಡ ಅಂತ ಇಡೀ ಬೀದಿ ಅಂಟಿಸಿದ್ದೀರಿ. ಈಗ ಬೇಕು ಅಂತೀರಿ. ಆವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳ್ತಿರೋದು ಸುಳ್ಳೋ? ಯಾರನ್ನ ನಂಬಲಿ ನಾನು?" ಆಮೇಲೆ ಕಣ್ಣು ಕಿರಿದು ಮಾಡಿ ಅಣ್ಣನನ್ನೇ ನೋಡುತ್ತಾ ಕೇಳಿದರು, "ನಿಜ ಹೇಳಿ. ನಿಮ್ಮನ್ನ ಯಾರು ಕಳಿಸಿದ್ದು?"

ಅಣ್ಣ ನನ್ನ ಕಡೆ ತಿರುಗಿದ. ನಾನು, "ಯಾರೂ ಕಳಿಸಿಲ್ಲ ಸಾರ್, ನಾವೇ ಬಂದಿದ್ದು" ಎಂದೆ. ಸಾಹೇಬರು ನಕ್ಕರು. ಆ ನಗು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಅಂಗಡಿಯಲ್ಲಿ ಅಣ್ಣನ ಮುಖದ ಮೇಲೆ ದಿನಾ ನೋಡುತ್ತಿದ್ದೆ.

ಆ ವಾರವೇ ಕೂಲಿಯವನೊಬ್ಬ ಬಂದು ನಮ್ಮ ಬಾಗಿಲ ಮುಂದೆ ಗುಂಡಿ ತೋಡತೊಡಗಿದ. ಪಕ್ಕದಲ್ಲಿ ಕಂಬ ಮಲಗಿತ್ತು, ಗಾಡಿ ನಿಲ್ಲಿಸಬಾರದೆಂಬ ಬೋರ್ಡಿನ ಸಮೇತ. ಅಣ್ಣ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ. ಯಾರು ಕಳಿಸಿದ್ದು ಅಂತ ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಕಾದೆ. ಅವನು ಎದ್ದು ಒಳಗಿನಿಂದ ನೀರಿನ ಚೊಂಬು ತಂದು ಕೊಟ್ಟ.

ಕೂಲಿಯವನು ನೀರು ಕುಡಿದು ಬಾಯಿ ಒರೆಸಿಕೊಂಡ. ಅಂಗಡಿಯೊಳಗೆ ನೇತುಹಾಕಿದ್ದ ಕವರ್‌ಗಳನ್ನೂ, ಖಾಲಿ ರಸ್ತೆಯನ್ನೂ ನೋಡಿದ. "ಅಲ್ಲಣ್ಣಾ, ಇಂಥಾ ಅಂಗಡಿ ಇಟ್ಕೊಂಡು ಗಾಡಿ ನಿಲ್ಲೋದು ಬೇಡ ಅಂತ ಈ ಬೀದಿಯವರೇ ಕೇಳಿದ್ರಂತೆ. ಹೌದಾ? ನನಗೆ ನಂಬೋಕೇ ಆಗ್ತಿಲ್ಲ."

"ನಂಬಪ್ಪಾ," ಎಂದ ಅಣ್ಣ. "ನಾವೇ ಕೇಳಿದ್ದು."