ಖಂಡೋಬನ ಫ್ರೆಂಚ್ ಬೆಳ್ಳಿ

ಕರಜಗಿಯ ಶಿವಯೋಗೆಪ್ಪನಿಗೆ ಮಧ್ಯಾಹ್ನ ಉಂಡ ಮೇಲೆ ನಿದ್ದೆ ಬರುವುದಿಲ್ಲ, ಫ್ರಾನ್ಸ್ ಬರುತ್ತದೆ. ಪಡಸಾಲೆಯಲ್ಲಿ ಕಂಬಳಿ ಹಾಸಿ, ಹಳೆಯ ಬೆಳ್ಳಿ ನಾಣ್ಯಗಳನ್ನು ಇಸವಿಯ ಪ್ರಕಾರ ಸಾಲಾಗಿ ಇಟ್ಟು, ಪಕ್ಕದಲ್ಲಿ ಅಡ್ಡಾಗಿ ನೋಡುತ್ತಿರುತ್ತಾನೆ. ನೋಡನೋಡುತ್ತ ಮೈ ಹಗುರಾಗುತ್ತದೆ. ಎಂದೂ ಕಾಣದ ಊರಿನ ಕಲ್ಲುಬೀದಿ, ಹೊಳೆ, ಸೇತುವೆ ಕಣ್ಣೊಳಗೆ ಬಂದು ನಿಲ್ಲುತ್ತವೆ. “ಸತ್ತ ರಾಜರ ಕೂಡ ಸಂಸಾರ ನಡಿಸ್ಯಾರ. ಚಾ ಆರಿ ತಣ್ಣೀರಾತು,” ಎಂದು ಹೆಂಡತಿ ದಾಕ್ಷಾಯಣಿ ಒಳಗಿನಿಂದ ಗೊಣಗುತ್ತಾಳೆ. ಅವಳದೂ ತಪ್ಪಲ್ಲ ಬಿಡಿ.

ಈ ಹುಚ್ಚು ಹತ್ತಿದ್ದು ಪುದುಚೇರಿಯಲ್ಲಿ. ಈ ಸೀಮೆಯ ಎಷ್ಟೋ ಜನರಂತೆ ಅವನೂ ಮೀಸೆ ಮೂಡುವ ಮುಂಚೆಯೇ ಗಲಾಯಿ ಕೆಲಸಕ್ಕೆ, ಅಂದರೆ ಹಳೆ ಬೆಳ್ಳಿ ಬಂಗಾರ ಕರಗಿಸಿ ಶುದ್ಧ ಮಾಡಲು, ದೂರ ಹೋದವನು. ಫ್ರೆಂಚರು ಆಳಿ ಬಿಟ್ಟುಹೋದ ಊರದು. ಅಜ್ಜಿಯರ ಪೆಟ್ಟಿಗೆಯ ತಳದಿಂದ ಅವರ ನಾಣ್ಯಗಳು ಕುಲುಮೆಗೆ ಬರುತ್ತಿದ್ದವು. ಮುಖವಿರುವುದನ್ನು ಬೆಂಕಿಗೆ ಹಾಕಲು ಅವನಿಗೆ ಕೈ ಬರುತ್ತಿರಲಿಲ್ಲ. ಮಾಲೀಕನನ್ನು ಕೇಳಿ, ತೂಕಕ್ಕೆ ತೂಕ ಬೇರೆ ಬೆಳ್ಳಿ ಕೊಟ್ಟು, ಒಂದೊಂದನ್ನೇ ಉಳಿಸಿಕೊಂಡ.

ಅಕ್ಷರ ಓದಿ ಹೇಳಿದ್ದು ಅಲ್ಲಿಯ ಒಬ್ಬ ಮುದಿ ಮಾಸ್ತರರು. ಲೂಯಿ ಫಿಲಿಪ್ ಎಂಬ ರಾಜನಿದ್ದನಂತೆ. ೧೮೪೮ರಲ್ಲಿ ಜನ ಸಿಡಿದೆದ್ದರು, ಅವನು ಓಡಿಹೋದ. ನಾಣ್ಯದ ಮೇಲೆ ಇನ್ನು ರಾಜನ ಮುಖ ಬೇಡವೆಂದು, ಹರ್ಕ್ಯುಲಿಸ್ ಎಂಬ ಪುರಾಣದ ಜಟ್ಟಿಯನ್ನು ನಡುವೆ ನಿಲ್ಲಿಸಿ, ಅವನ ಎರಡು ಮಗ್ಗುಲಿಗೆ ಸ್ವಾತಂತ್ರ್ಯ, ಸಮಾನತೆ ಎಂಬ ಇಬ್ಬರು ಹೆಂಗಸರು ಕೈಕೈ ಹಿಡಿದಂತೆ ಅಚ್ಚು ಹಾಕಿದರು. ನಾಲ್ಕೇ ವರ್ಷಕ್ಕೆ ಮತ್ತೊಬ್ಬ ತಾನೇ ಚಕ್ರವರ್ತಿ ಎಂದು ತನ್ನ ಮುಖ ಒತ್ತಿಸಿದ. ಶಿವಯೋಗೆಪ್ಪನ ಸಾಲಿನಲ್ಲಿ ರಾಜನಿದ್ದ, ಚಕ್ರವರ್ತಿಯೂ ಇದ್ದ. ನಡುವಿನ ಆ ಇಸವಿಯದು ಮಾತ್ರ ನಲವತ್ತು ವರ್ಷ ಕಾದರೂ ಸಿಗಲಿಲ್ಲ. ಮಾಸ್ತರರ ಪುಸ್ತಕದ ಚಿತ್ರದಲ್ಲಷ್ಟೇ ಅದನ್ನು ಕಂಡಿದ್ದ. ಅದರ ಜಾಗ ಖಾಲಿ ಬಿಟ್ಟೇ ಉಳಿದವನ್ನು ಜೋಡಿಸುತ್ತಿದ್ದ.

ಊರಿಗೆ ಮರಳಿದ ಮೇಲೆ ಅವನು ಟಾಕು ಮಾಡತೊಡಗಿದ. ಟಾಕು ಎಂದರೆ ದೇವರ ಜಗಲಿಯ ಮೇಲಿಟ್ಟು ಪೂಜಿಸುವ ಬೆಳ್ಳಿ ತಗಡಿನ ದೇವರು. ಹೋದ ತಿಂಗಳು ದರಿಬಡಚಿಯಿಂದ, ಕುರಿ ಕಾಯುವ ಮನೆತನದ ಎಂಬತ್ತರ ಮುದುಕಿ ಚನ್ನವ್ವ ಬಂದಳು. ಸೆರಗಿನ ಗಂಟು ಬಿಚ್ಚಿ, ಅರಿಷಿಣ ಮೆತ್ತಿದ ಬಿಲ್ಲೆಯೊಂದನ್ನು ಅವನ ಅಂಗೈಗಿಟ್ಟಳು.

“ನಮ್ಮ ಖಂಡೋಬ, ತಮ್ಮಾ. ಆ ಕಡಿ ಮ್ಹಾಳಸಾ, ಈ ಕಡಿ ಬಾಣಾಯಿ. ತಿಕ್ಕಿ ತಿಕ್ಕಿ ಮಾರಿ ಸವದಾವ. ಕರಗಿಸಿ ಹೊಸಾದು ಬಡದ ಕೊಡು. ಆದ್ರ ಇಬ್ರೂ ಹಿಂಗ ಕೈ ಹಿಡಕೊಂಡಿರಬೇಕು ನೋಡು.”

ಖಂಡೋಬ ಈ ಕಡೆಯ ಕುರಿಗಾರರ ಮನೆದೇವರು, ಮ್ಹಾಳಸಾ ಅವನ ಹಿರಿಯ ಹೆಂಡತಿ. ಬಾಣಾಯಿ ಕಿರಿಯವಳು, ಕುರಿ ಕಾಯುವವರ ಮಗಳು. ಶಿವಯೋಗೆಪ್ಪ ಬಿಲ್ಲೆಯನ್ನು ತಿರುವಿದ. ಹಿಂಬದಿ ಅರಿವೆಯ ಮೇಲೇ ಕೂತಿದ್ದರಿಂದ ಸವೆದಿರಲಿಲ್ಲ. ೧೮೪೮. ಮತ್ತೆ ಮುಂಬದಿ ತಿರುವಿ ನೋಡಿದರೆ, ಸವೆದ ಮುಖಗಳ ಕೆಳಗೆ ಚಿತ್ರದಲ್ಲಿ ಕಂಡಿದ್ದ ಅದೇ ಜಟ್ಟಿ, ಅದೇ ಇಬ್ಬರು ಹೆಂಗಸರು.

“ಆಯಿ, ಇದನ್ನ ನನಗ ಕೊಡ್ರಿ. ಇದರ ಎರಡರಷ್ಟು ಬೆಳ್ಳಿ ಹಾಕಿ ಟಾಕು ಮಾಡಿ ಕೊಡ್ತೀನ್ರಿ.”

“ಅರವತ್ತ ವರ್ಷ ನನ್ನ ಸುಖಾ ದುಃಖಾ ಎಲ್ಲಾ ಇದರ ಮುಂದ ಹೇಳೀನಿ. ಹೊಸಾ ಬೆಳ್ಳಿಗೆ ಮತ್ತ ಮೊದಲಿಂದ ಹೇಳ್ಕೋತ ಕುಂದ್ರಲ್ಯಾ? ಅಷ್ಟ ಆಯುಷ್ಯ ಐತೇನು ನನಗ?” ಎಂದು ಮುದುಕಿ ನಕ್ಕು, “ಐತವಾರ ಬರ್ತೀನಿ,” ಎಂದು ಎದ್ದೇ ಬಿಟ್ಟಳು.

ಮೂರು ದಿನ ಆ ನಾಣ್ಯ ಖಾಲಿ ಜಾಗದಲ್ಲಿ ಕೂತಿತು. ಸಾಲು ತುಂಬಿತು. ಬೇರೆ ಬೆಳ್ಳಿ ಬಡಿದು ಕೊಟ್ಟರೆ ಯಾರಿಗೆ ತಿಳಿಯುತ್ತದೆ? ಬೆಳ್ಳಿಗೇನು ಬಾಯಿ ಇದೆಯೇ? ಹಾಗೆಂದುಕೊಳ್ಳುತ್ತಲೇ ಕಣ್ಣು ಮುಚ್ಚಿದರೆ, ಪುದುಚೇರಿಯ ಕಡಲು ಕರಜಗಿಯ ಬಯಲಿಗೆ ಬಂದಿತ್ತು. ಹಡಗಿನಿಂದ ಆ ಜಟ್ಟಿ ಇಳಿದ. ಮೈತುಂಬ ಅರಿಷಿಣ ಬಳಿದುಕೊಂಡು ಕುರಿಗಳ ನಡುವೆ ನಡೆದುಹೋದ. ಹಿಂದೆ ಇಬ್ಬರು ಹೆಂಗಸರು ಮಾತಾಡುತ್ತ ಬರುತ್ತಿದ್ದರು. ಯಾವ ಭಾಷೆಯೋ ಏನೋ, ಅವನಿಗೆ ಎಲ್ಲ ತಿಳಿಯುತ್ತಿತ್ತು. ಎಚ್ಚರವಾದಾಗ ಒಂದು ಮಾತೂ ನೆನಪಿರಲಿಲ್ಲ.

ಶನಿವಾರ ಕುಲುಮೆ ಹೊತ್ತಿಸಿದ. ನಲವತ್ತು ವರ್ಷ ಮುಖಗಳನ್ನು ಬೆಂಕಿಯ ಬಾಯಿಂದ ಎಳೆದುಕೊಂಡವನು ಅಂದು ತಾನೇ ಚನ್ನವ್ವನ ನಾಣ್ಯವನ್ನು ಮೂಸೆಗೆ ಹಾಕಿದ. ಜಟ್ಟಿ ಹೋದ, ಹೆಂಗಸರು ಹೋದರು, ಇಸವಿ ಕಡೆಗೆ ಹೋಯಿತು. ಶಿವಯೋಗೆಪ್ಪನಿಗೆ ಅಳು ಬಂತು. ಕಣ್ಣಿಗೆ ಹೊಗೆ ಹೋಯಿತೆಂದು ದಾಕ್ಷಾಯಣಿಗೆ ಸುಳ್ಳು ಹೇಳಲಿಲ್ಲ. ಆಕೆ ಅಂದು ಗೊಣಗಲಿಲ್ಲ, ಚಹಾ ತಂದು ಪಕ್ಕದಲ್ಲೇ ಕೂತಳು.

ಐತವಾರ ಚನ್ನವ್ವ ಹೊಸ ಟಾಕನ್ನು ಅಂಗೈಯಲ್ಲಿಟ್ಟುಕೊಂಡಳು. ಕಣ್ಣು ಅಷ್ಟು ಕಾಣದು. ಹೆಬ್ಬೆರಳಿನಿಂದ ಸವರುತ್ತ ಮ್ಹಾಳಸೆಯನ್ನು ಹುಡುಕಿದಳು, ಬಾಣಾಯಿಯನ್ನು ಹುಡುಕಿದಳು. ನಡುವೆ ಕೂಡಿದ ಕೈಗಳು ಸಿಕ್ಕಾಗ ಬೆರಳು ಅಲ್ಲೇ ನಿಂತಿತು.

“ನಾನೂ ಎರಡನೇದಾಕಿ, ತಮ್ಮಾ,” ಎಂದಳು. “ಒಂದೇ ಮನ್ಯಾಗ ಮೂವತ್ತೆಂಟ ವರ್ಷ ಇದ್ವಿ. ಅಕ್ಕ ಸಾಯೂತನಕಾ ಒಮ್ಮಿನೂ ನನ್ನ ಕೈ ಹಿಡೀಲಿಲ್ಲ.”